ಮಗುವನ್ನು ಬಚ್ಚಿಡುವವರಿಗೆ ಬುದ್ಧಿಮಾತು



ಇಬ್ಬರು ಸ್ತ್ರೀಯರು ಒಂದೇ ಕೂಸಿಗಾಗಿ ಅರಸನಾದ ಸೊಲೊಮೋನನ ಮುಂದೆ ವಾದಿಸಿದ ವೃತ್ತಾಂತವನ್ನು ಒಂದನೆಯ ಅರಸುಗಳ ಮೂರನೆಯ ಅಧ್ಯಾಯದಲ್ಲಿ ಓದುತ್ತೇವೆ. ಅರಸನ ಜ್ಞಾನವನ್ನು ಎಲ್ಲರೂ ಹೊಗಳುವರು. ಹೆತ್ತವಳೋ ಕತ್ತಿಯನ್ನು ಕಂಡ ಕೂಡಲೆ ತನ್ನ ಹಕ್ಕನ್ನೇ ಬಿಟ್ಟುಕೊಟ್ಟಳು. ನಾವು ಧ್ಯಾನಿಸತಕ್ಕದ್ದು ಇದನ್ನೇ. ಮತ್ತೊಬ್ಬಳಿಗೆ ಕೂಸು ತುಂಡಾದರೂ ಚಿಂತೆಯಿರಲಿಲ್ಲ. ಎದುರಾಳಿಗೆ ಸಿಕ್ಕದಿದ್ದರೆ ಸಾಕಾಗಿತ್ತು.

ಈಗ ಕತ್ತಿಯು ಕಣ್ಣಿಗೆ ಕಾಣುವದಿಲ್ಲ. ಗಂಡಹೆಂಡರು ಬೇರೆಯಾದ ಮೇಲೆ ನ್ಯಾಯಾಧಿಪತಿಯು ಮಗುವನ್ನು ತಾಯಿಯ ವಶಕ್ಕೆ ಕೊಟ್ಟು, ತಿಂಗಳಲ್ಲಿ ಎರಡು ಶನಿವಾರ ತಂದೆಯು ಅದನ್ನು ನೋಡಬಹುದೆಂದು ಅಪ್ಪಣೆಮಾಡಿದನೆಂದು ಎಣಿಸಿರಿ. ತಂದೆಯು ಶಿವಮೊಗ್ಗದಲ್ಲಿ ಬಸ್ಸು ಹತ್ತಿ ಸವಳಂಗದಲ್ಲಿ ಇಳಿಯುತ್ತಾನೆ. ಮಗುವಿಗೆ ಜ್ವರವೆಂದು ಮನೆಯವರು ಹೇಳುತ್ತಾರೆ. ಮಗುವಾದರೋ ಕೆರೆಯ ಏರಿಯ ಮೇಲೆ ಆಡುತ್ತಿರುವದು. ಮುಂದಿನ ಸಾರಿ, ನ್ಯಾಮತಿಯ ದೊಡ್ಡಮ್ಮನ ಮನೆಗೆ ಹೋಗಿದೆಯೆಂಬ ಮಾತು. ಇನ್ನೊಂದು ಮನೆಯಲ್ಲಿ, ಎರಡು ದಿನಕ್ಕೆಂದು ಕರಕೊಂಡು ಹೋದ ತಂದೆಯು ಶಾಲೆ ತೆರೆದರೂ ಮಗುವನ್ನು ತಿರಿಗಿ ತಾರದೆ ಇರುವನು. ಇವೆರಡೂ ಒಂದೇ ಪಾಪವು. ಜ್ವರವೆಂದು ಹೇಳುವದಕ್ಕೆ ಮಗುವಿಗೆ ಕಲಿಸಿದ ಅಜ್ಜಿಯೇ ಮಾರಣೆಯ ದಿನ ಅದಕ್ಕೆ ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿಸುವದು ಎಂಥ ಚೋದ್ಯ!

ಮಗುವು ಯಾರ ಸೊತ್ತೂ ಅಲ್ಲ, ತಂದೆತಾಯಿಗಳ ಆಟಿಕೆಯೂ ಅಲ್ಲವೆಂದು ಸುಪ್ರೀಮ್ ಕೋರ್ಟು 1973ರಲ್ಲಿ ಒಂದು ಕ್ರೈಸ್ತ ದಂಪತಿಯ ವ್ಯಾಜ್ಯದಲ್ಲಿಯೇ ಹೇಳಿತು. ಅಮೇರಿಕದ ನ್ಯಾಯಾಲಯದ ಅಪ್ಪಣೆಯನ್ನು ಮೀರಿ ತಾಯಿಯೊಬ್ಬಳು ಮಗುವನ್ನು ಭಾರತಕ್ಕೆ ತಂದ ವ್ಯಾಜ್ಯದಲ್ಲಿ ಅದೇ ಕೋರ್ಟು 2020ರಲ್ಲಿ, ತಂದೆತಾಯಿಗಳಿಬ್ಬರ ಪ್ರೀತಿಯೂ ಮಗುವಿಗೆ ಸಲ್ಲತಕ್ಕ ಹಕ್ಕೆಂದು ತಿಳಿಸಿತು. ಆದದರಿಂದ ತಡೆಹಿಡಿಯುವವರು ದೋಚಿಕೊಳ್ಳುವದು ಎದುರಾಳಿಯಿಂದಲ್ಲ, ಮಗುವಿನಿಂದಲೇ.

ಮಗುವನ್ನು ಹಾಜರುಪಡಿಸೆಂಬ ಅಪ್ಪಣೆಗೆ ತಪ್ಪಿದವರಿಗೆ 1890ರ ಪಾಲಕರ ಮತ್ತು ಪಾಲಿತರ ಕಾಯಿದೆಯು 100 ರೂಪಾಯಿಯ ವರೆಗೆ ದಂಡವನ್ನು ವಿಧಿಸುತ್ತದೆ. ಹಠಹಿಡಿದರೆ ದಿನಕ್ಕೆ 10 ರೂಪಾಯಿಯ ವರೆಗೆ, ಒಟ್ಟು 500 ಮೀರದಂತೆ. ಅಲ್ಪವೆಂದು ನಗಬೇಡಿರಿ, ಒಪ್ಪುವ ತನಕ ಸಿವಿಲ್ ಸೆರೆಯೂ ಉಂಟು.

ಆದರೆ ಕುಡಿತ, ಹೊಡೆತಗಳಿಂದ ಮಗುವಿಗೆ ನಿಜವಾದ ಅಪಾಯವಿದ್ದರೆ ಏನು ಮಾಡುವದು? ಮೊದಲು ಮಗುವನ್ನು ಕಾಪಾಡಿರಿ. ಆದರೆ ಸುಳ್ಳಿನ ಮರೆಯಲ್ಲಿ ಅಲ್ಲ. ಕೂಡಲೆ ವಕೀಲರ ಮೂಲಕ ನ್ಯಾಯಾಲಯಕ್ಕೆ ತಿಳಿಸಿ ಅಪ್ಪಣೆಯನ್ನು ತಿದ್ದಿಸಿಕೊಳ್ಳಿರಿ. ಮಗುವಿನ ವಿಷಯವಾದ ಅಪ್ಪಣೆಯು ಕಲ್ಲಿನ ಶಾಸನವಲ್ಲ. ಸಂಗತಿ ಬದಲಾದರೆ ಅದನ್ನೂ ಬದಲಾಯಿಸಬಹುದೆಂದು 1973ರ ಆ ತೀರ್ಪೇ ಹೇಳುತ್ತದೆ.

ಸಭೆಯ ಹಿರಿಯರಿಗೂ ಒಂದು ಮಾತು. ನಮ್ಮವರೆಂಬ ದಾಕ್ಷಿಣ್ಯದಿಂದ ಮಗುವನ್ನು ಬಚ್ಚಿಡುವದಕ್ಕೆ ನಿಮ್ಮ ಮನೆಯನ್ನು ಕೊಡಬೇಡಿರಿ. ಗಂಡಹೆಂಡರು ಎದುರೆದುರು ನಿಲ್ಲಲಾರದೆ ಇದ್ದರೆ, ಇಬ್ಬರೂ ಒಪ್ಪಿ ನ್ಯಾಯಾಲಯವೂ ಸಮ್ಮತಿಸುವದಾದರೆ, ಮಗುವನ್ನು ದೇವಾಲಯದ ಜಗಲಿಯಲ್ಲಿ ಒಪ್ಪಿಸಿಕೊಳ್ಳಲಿ. ಹಿರಿಯರಲ್ಲಿ ಒಬ್ಬರು ಹತ್ತಿರವಿರಲಿ. ತಂದೆಯ ಬಸ್ಸು ತಡವಾದರೆ ಮಗುವಿಗೆ ಊಟ ಹಾಕಿ ಕಾದಿರಲಿ.