ಹಸಿರು ಯಾರಿಗೆ ಬೇಡ?

ಕೆನಡಾದ ಒಂಟಾರಿಯೋದಲ್ಲಿ ಗಾಂಜಾ ಎಣ್ಣೆ ತೆಗೆಯುವ ಕಂಪನಿಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದೀನಿ. ಇಲ್ಲಿ 2018ರ ಅಕ್ಟೋಬರ್‌ನಿಂದ ಅದು ಕಾನೂನುಬದ್ಧ. ಬಿಳಿ ಕೋಟು ಹಾಕ್ಕೊಂಡು, ಪಂಚಿಂಗ್ ಮಾಡಿ ಒಳಗೆ ಹೋಗುವ ಮರ್ಯಾದಸ್ಥ ಕೆಲಸ. ಊರಲ್ಲಿ ಇದನ್ನೇ ಮಾಡಿದ್ರೆ ಜೈಲು. ಅದಕ್ಕೇ ಅವ್ವ ಫೋನಲ್ಲಿ ‘ಅದೇನ್ ಕೆಲ್ಸ ಮಾಡೀಯಲಾ ಅಲ್ಲಿ?’ ಅಂದಾಗಲೆಲ್ಲ ‘ಗಿಡದಿಂದ ಎಣ್ಣೆ ತೆಗೀತೀವಿ ಕಣವ್ವ’ ಅಂತೀನಿ. ಪೂರ್ತಿ ಸುಳ್ಳೇನಲ್ಲ.

ತೆಗೆಯೋದು ಎಥನಾಲ್‌ನಲ್ಲಿ. ಈ ಎಥನಾಲ್‌ಗೆ ಹಸಿವು ಜಾಸ್ತಿ, ಸಿಕ್ಕಿದ್ದನ್ನೆಲ್ಲ ಎಳ್ಕೊಳ್ಳುತ್ತೆ. ನಮಗೆ ಬೇಕಾದ ಟಿಎಚ್‌ಸಿ, ಸಿಬಿಡಿ ಜೊತೆಗೆ ಮೇಣ, ಸಕ್ಕರೆ, ಪತ್ರಹರಿತ್ತು ಎಲ್ಲಾ ಬಂದುಬಿಡುತ್ತೆ. ಅದಕ್ಕೆ ಮೊದಲೇ ಅದನ್ನು ಮೈನಸ್ 40 ಡಿಗ್ರಿಗೆ ಇಳಿಸ್ತೀವಿ (ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಕೇಳಬೇಡಿ, ಆ ಒಂದು ಅಂಕಿಯಲ್ಲಿ ಎರಡೂ ಒಂದೇ). ಆ ಚಳಿಯಲ್ಲಿ ಮೇಣ, ಹಸಿರು ಅಷ್ಟಾಗಿ ಕರಗಲ್ಲ. ಆದರೂ ಒಂದಿಷ್ಟು ನುಸುಳುತ್ತೆ. ಹಾಗೆ ನುಸುಳಿದ್ದಕ್ಕೆ ನಮ್ಮ ಕಾಗದಪತ್ರದಲ್ಲಿ ‘ಅನಗತ್ಯ ಅಂಶ’ ಅಂತ ಹೆಸರು. ಗಿಡ ಒಣಗದಂತೆ ನೀರು ಹಿಡಿದಿಟ್ಟಿದ್ದು ಆ ಮೇಣ, ಅಷ್ಟು ದಿನ ಅನ್ನ ಬೇಯಿಸಿದ್ದು ಆ ಹಸಿರು. ಗಿಡವನ್ನು ಕೇಳಿದ್ರೆ ಪಟ್ಟಿ ಉಲ್ಟಾ ಆಗ್ತಿತ್ತು.

ಹೋಗಲಿ, ಗಿಡ ಗಿರಾಕಿ ಅಲ್ಲ. ಹಸಿರು ಉಳಿದರೆ ಎಣ್ಣೆ ಕಹಿ, ಹುಲ್ಲು ಅಗಿದ ಹಾಗಿರುತ್ತೆ. ತೆಗೆಯೋದರಲ್ಲಿ ತಪ್ಪೇನಿಲ್ಲ ಅಂತಲೇ ಇದ್ದೆ.

ಹೋದ ಚಳಿಗಾಲದಲ್ಲಿ ಒಂದು ಲೋಡ್ ಬಂತು. ಹಳೇ ಹೂವು, ಕಂದು ತಿರುಗಿತ್ತು. ಹಾಗೆ ಕೂತ ಹೂವಲ್ಲಿ ಟಿಎಚ್‌ಸಿ ಒಂದಷ್ಟು ಸಿಬಿಎನ್ ಆಗಿಬಿಟ್ಟಿರುತ್ತೆ, ಪರಿಮಳ ಹಾರಿಹೋಗಿರುತ್ತೆ. ಎಣ್ಣೆ ತೆಗೆದರೆ ಗಾಡಿ ಆಯಿಲ್ ಥರ ಬಂತು. ಮ್ಯಾನೇಜರ್ ಯೋಚನೆ ಮಾಡಲೇ ಇಲ್ಲ, ‘ಇನ್ನೊಂದು ಸಲ ಮಣ್ಣಲ್ಲಿ ಹಾಯಿಸಿ’ ಅಂದ್ರು. ಬ್ಲೀಚಿಂಗ್ ಮಣ್ಣು, ಇದ್ದಿಲಪುಡಿ ಎರಡರಲ್ಲೂ ಹಾಯಿಸಿದ್ವಿ. ಗಾಬರಿ ಬೇಡ, ನಿಮ್ಮನೆ ರಿಫೈನ್ಡ್ ಎಣ್ಣೆಯೂ ಇಂಥದೇ ಮಣ್ಣನ್ನು ಹಾದು ಬಂದದ್ದು. ಇದ್ದಿಲು ಹಸಿರಿನ ಜೊತೆ ಸ್ವಲ್ಪ ಟಿಎಚ್‌ಸಿಯನ್ನೂ ನುಂಗುತ್ತೆ. ಅಕೌಂಟ್ಸ್‌ನವರಿಗೆ ಬೇಜಾರು ಅದೊಂದಕ್ಕೇ. ಕೆಳಗೆ ಇಳಿದದ್ದು ಮಾತ್ರ ಜೇನುತುಪ್ಪದ ಬಣ್ಣ. ಕೀಟನಾಶಕ, ಭಾರಲೋಹ, ದ್ರಾವಕದ ಶೇಷ, ಎಲ್ಲ ಟೆಸ್ಟೂ ಪಾಸ್. ಸೈನ್ ಮಾಡಬೇಕಾದವನು ನಾನು.

ಆವತ್ತು ರಾತ್ರಿ ನೆನಪಾಗಿದ್ದು ಮಂಡ್ಯದ ಕಡೆಯ ನಮ್ಮಪ್ಪನ ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಅಪ್ಪ ಬೆಂಡೆ ಗಿಡದ ಲೋಳೆ ಬಿಡೋರು. ಕೊಳೆಯೆಲ್ಲ ಮೇಲೆದ್ದು ಬರೋದು, ಜಾಲರಿಯಲ್ಲಿ ಎತ್ತಿ ಹಾಕೋರು. ಆಮೇಲೆ ಹೈಡ್ರೋಸ್ ಬಂತು. ಒಂದು ಹಿಡಿ ಎರಚಿದರೆ ಕಪ್ಪು ಬೆಲ್ಲ ಹಳದಿ. ಮಂಡಿಯಲ್ಲಿ ಹಳದಿಗೇ ರೇಟು. ಒಂದು ವರ್ಷ ಅಪ್ಪನೂ ಹಾಕಿದ್ರು. ಮನೆಗೆ ಅಂತ ಬೇರೆ ಅಚ್ಚು ಎತ್ತಿಟ್ಟಿದ್ರು, ಹೈಡ್ರೋಸ್ ಹಾಕದ್ದು. ಅದನ್ನು ಯಾರಿಗೂ ಹೇಳಬೇಡ ಅಂದಿದ್ರು.

ಬೆಂಡೆಲೋಳೆಗೂ ಹೈಡ್ರೋಸ್‌ಗೂ ವ್ಯತ್ಯಾಸ ಒಂದು ರಾಸಾಯನಿಕ, ಇನ್ನೊಂದು ನೈಸರ್ಗಿಕ ಅನ್ನೋದಲ್ಲ. ಲೋಳೆ ತೆಗೆಯೋದು ಕೊಳೆಯನ್ನ. ಹೈಡ್ರೋಸ್ ತೆಗೆಯೋದು ಸಾಕ್ಷಿಯನ್ನ. ನಮ್ಮ ಮಣ್ಣಿನ ಕಷ್ಟ ಏನಂದ್ರೆ ಅದು ಒಂದೇ ಏಟಿಗೆ ಎರಡೂ ಕೆಲಸ ಮಾಡುತ್ತೆ. ಕಹಿ ಹೋಯ್ತು, ಸರಿ. ಜೊತೆಗೆ ಹೂವು ಎಷ್ಟು ದಿನ ಕೊಳೀತಾ ಬಿದ್ದಿತ್ತು ಅನ್ನೋದೂ ಹೋಯ್ತು. ಲ್ಯಾಬ್ ರಿಪೋರ್ಟ್ ಓದೋಕೆ ಬರದ ಗಿರಾಕಿಯ ಹತ್ತಿರ ಇದ್ದ ಟೆಸ್ಟ್ ಒಂದೇ, ಕಣ್ಣು. ಅದನ್ನೇ ಕಿತ್ಕೊಂಡು ‘ನಿಮಗೇನೂ ಹಾನಿ ಆಗಿಲ್ಲ’ ಅನ್ನೋದು ನ್ಯಾಯಾನಾ? ಹಾಗಂತ ಬಣ್ಣವನ್ನೂ ನಂಬೋ ಹಾಗಿಲ್ಲ. ಬೆಂಗಳೂರಿನ ಆರ್ಗ್ಯಾನಿಕ್ ಅಂಗಡಿಗಳಲ್ಲಿ ಈಗ ಕಪ್ಪು ಬೆಲ್ಲಕ್ಕೇ ಬೆಲೆ. ನಾಳೆ ಕಪ್ಪು ಮಾಡೋಕೂ ಒಂದು ಪುಡಿ ಬರಬಹುದು.

‘ಬಣ್ಣ ತೆಗೆದದ್ದು ಅಂತ ಲೇಬಲ್‌ನಲ್ಲಿ ಒಂದು ಸಾಲು ಹಾಕೋಣ್ವಾ?’ ಅಂತ ಮ್ಯಾನೇಜರ್‌ನ ಕೇಳಿದೆ. ‘ಹಾಕೋಕೆ ಏನಿದೆ? ಮಣ್ಣೂ ಎಣ್ಣೆಯಲ್ಲಿ ಉಳಿದಿಲ್ಲ, ಹಸಿರೂ ಉಳಿದಿಲ್ಲ’ ಅಂದ್ರು. ಉತ್ತರ ಹೊಳೀಲಿಲ್ಲ. ಸೈನ್ ಮಾಡಿದೆ.

ಅದೇ ವಾರ ಆಫೀಸಿನವರಿಗೆಲ್ಲ ಸ್ಯಾಂಪಲ್ ಬಾಟಲಿ ಕೊಟ್ರು. ನನ್ನದು ಇನ್ನೂ ಡ್ರಾಯರ್‌ನಲ್ಲೇ ಇದೆ, ಸೀಲ್ ಒಡೆದಿಲ್ಲ.