ದೇಹದ ದುರ್ಗಂಧವೂ ನಿರ್ವಿಚಿಕಿತ್ಸೆಯೂ

ಮಂಡಿಯಲ್ಲಿ ಬೆಳಗಿನಿಂದ ಮೂಟೆ ಹೊತ್ತ ಹಮಾಲಿ ಕೂಲಿಗಾಗಿ ಗಲ್ಲಾಪೆಟ್ಟಿಗೆಯ ಹತ್ತಿರ ಬಂದರೆ ಸಾಹುಕಾರರ ಕೈ ತಾನಾಗಿಯೇ ಮೂಗಿಗೆ ಹೋಗುತ್ತದೆ. ಕ್ಷಣಮಾತ್ರದ ಈ ಕ್ರಿಯೆ ವಿಚಾರಾರ್ಹವಾದುದು.

ಬೆವರಿಗೆ ಹೊರಬರುವಾಗ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಮನುಷ್ಯನ ಚರ್ಮದಲ್ಲಿ ಸುಮಾರು 20ರಿಂದ 40 ಲಕ್ಷ ಸ್ವೇದಗ್ರಂಥಿಗಳಿವೆ. ಅವುಗಳಲ್ಲಿ ಬಹುಪಾಲು ನೀರನ್ನೂ ಉಪ್ಪನ್ನೂ ಹೊರಸೂಸಿ ದೇಹವನ್ನು ತಂಪಾಗಿಡುತ್ತವೆ. ಕಂಕುಳು ಮೊದಲಾದ ಕೆಲವು ಎಡೆಗಳಲ್ಲಿ ಮಾತ್ರ ಬೇರೊಂದು ಬಗೆಯ ಗ್ರಂಥಿಗಳಿವೆ. ಅವು ಪ್ರಾಯ ಬಂದ ಮೇಲೆ ಕ್ರಿಯಾಶೀಲವಾಗಿ, ಕೊಬ್ಬು ಮತ್ತು ಪ್ರೋಟೀನ್ ಅಂಶಗಳುಳ್ಳ ದ್ರವವನ್ನು ಸ್ರವಿಸುತ್ತವೆ. ಚರ್ಮದ ಮೇಲಿನ ಬ್ಯಾಕ್ಟೀರಿಯಗಳು ಅದನ್ನು ವಿಭಜಿಸಿದಾಗ ಉಂಟಾಗುವ ಆಮ್ಲಗಳೂ ಗಂಧಕಯುಕ್ತ ವಸ್ತುಗಳೂ ದುರ್ಗಂಧಕ್ಕೆ ಕಾರಣ. ಎಳೆಯ ಮಕ್ಕಳ ಬೆವರು ನಾರದಿರುವುದು ಇದರಿಂದಲೇ. ಈ ವ್ಯವಸ್ಥೆ ಹಮಾಲಿಯ ದೇಹದಲ್ಲಿರುವಂತೆಯೇ ಸಾಹುಕಾರರ ದೇಹದಲ್ಲೂ ಇದೆ. ಒಬ್ಬನದು ದುಡಿಮೆಯಿಂದ ಪ್ರಕಟವಾಗಿದೆ, ಇನ್ನೊಬ್ಬರದು ಅತ್ತರಿನಿಂದ ಮರೆಯಾಗಿದೆ, ಅಷ್ಟೇ.

ಬೆವರಿಲ್ಲದ, ಸುಗಂಧಯುಕ್ತವಾದ ಶರೀರವನ್ನು ತೀರ್ಥಂಕರರ ಜನ್ಮಾತಿಶಯಗಳಲ್ಲಿ ಎಣಿಸಲಾಗಿದೆ. ಎಂದರೆ ಉಳಿದ ನಮ್ಮೆಲ್ಲರ ಶರೀರದ ಸ್ವಭಾವ ಒಂದೇ. ಈ ಸತ್ಯದ ಬಗ್ಗೆ ಆಚಾರ್ಯರು ಎರಡು ಉಪದೇಶಗಳನ್ನಿತ್ತಿದ್ದಾರೆ. ದ್ವಾದಶಾನುಪ್ರೇಕ್ಷೆಗಳಲ್ಲಿ ಅಶುಚಿತ್ವದ ಚಿಂತನೆ ಒಂದು; ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆ, ಅಂದರೆ ಜುಗುಪ್ಸೆಪಡದಿರುವುದು, ಇನ್ನೊಂದು. ಮೊದಲನೆಯದು ತನ್ನ ದೇಹದ ಮೋಹವನ್ನು ಕಡಿಮೆ ಮಾಡಿಕೊಳ್ಳುವುದಕ್ಕೆ. ಎರಡನೆಯದು ಪರರ ದೇಹವನ್ನು ಕಂಡು ಹೇಸದಿರುವುದಕ್ಕೆ. ಲೋಕದಲ್ಲಿ ಇದು ತಿರುಗುಮುರುಗಾಗಿದೆ. ತನ್ನ ದೇಹಕ್ಕೆ ಲೇಪನ, ಪರರ ದೇಹದ ಮೇಲೆ ಅಶುಚಿತ್ವದ ಚಿಂತನೆ!

ನಿರ್ವಿಚಿಕಿತ್ಸೆಗೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉದ್ದಾಯನ ರಾಜನನ್ನು ಉದಾಹರಿಸಿದ್ದಾರೆ. ಕುಷ್ಠರೋಗಿ ಮುನಿಯ ರೂಪದಲ್ಲಿ ಪರೀಕ್ಷಿಸಬಂದ ದೇವನು ಆಹಾರವನ್ನು ಸ್ವೀಕರಿಸಿ ಅಲ್ಲಿಯೇ ವಮನ ಮಾಡಿದನು. ಸೇವಕರು ದುರ್ಗಂಧ ತಾಳದೆ ದೂರ ಸರಿದರು. ಅರಸನಾದರೋ ತನ್ನ ಆಹಾರದಲ್ಲಿಯೇ ದೋಷವಿರಬೇಕೆಂದು ಮರುಗಿ, ಸ್ವಹಸ್ತದಿಂದ ಆ ದೇಹವನ್ನು ತೊಳೆದನು.

ಶುಚಿತ್ವ ಬೇಡವೆಂದು ಇದರ ಅರ್ಥವಲ್ಲ. ಮಿಂದು ಮಡಿಯುಟ್ಟು ಪೂಜೆಗೆ ಹೋಗುವುದು ಗೃಹಸ್ಥನ ಕರ್ತವ್ಯ. ಆದರೆ ನೀರು ತೊಳೆಯುವುದು ಚರ್ಮವನ್ನು. ಹೇಸಿಗೆ ಅಂಟಿರುವುದು ಮನಸ್ಸಿಗೆ. ಬಸದಿಯ ಭೋಜನಶಾಲೆಯಲ್ಲಿ ಬೆಂಕಿಯೆದುರು ಬೆವರುವ ಅಡಿಗೆಯವರು, ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರು, ಮೂಟೆ ಹೊತ್ತ ಹಮಾಲಿ: ಇವರೆದುರಿನಲ್ಲಿಯೇ ಶ್ರಾವಕನ ಸಮ್ಯಕ್ತ್ವ ದಿನವೂ ಪರೀಕ್ಷೆಗೊಳಗಾಗುತ್ತದೆ. ಮೂಗಿಗೆ ಹೋಗುವ ಕೈ ಕೂಲಿಯ ಹಣದೊಂದಿಗೆ ಒಂದು ಲೋಟ ನೀರನ್ನೂ ನೀಡುವಂತಾದರೆ ಆ ಪರೀಕ್ಷೆಯಲ್ಲಿ ಅವನು ಗೆದ್ದಂತೆ.