ಅಹವಾಲು ಕೇಳುವ ಕಲ್ಲು

ಈಜಿಪ್ಟಿನ ಫೆರೋಗಳ ಮೂರ್ತಿಗಳನ್ನು ಎಲ್ಲರೂ ಬಲ್ಲರು. ನನ್ನನ್ನು ಹೆಚ್ಚು ಕಾಡುವುದು ಅವರ ಕೈಕೆಳಗಿದ್ದ ಅಧಿಕಾರಿಗಳ ಕಲ್ಲಿನ ಮುಖಗಳು. ಕ್ರಿಸ್ತಪೂರ್ವ 19ನೆಯ ಶತಮಾನದಲ್ಲಿ ಆಳಿದ ಮೂರನೆಯ ಸೆನುಸ್ರೆಟ್ ದಣಿದ ರೆಪ್ಪೆ, ಸುಕ್ಕಿದ ಕೆನ್ನೆ, ಅಗಲ ಕಿವಿಗಳ ಮುಖವನ್ನು ಕೆತ್ತಿಸಿಕೊಂಡ. ಆಮೇಲೆ ಅಧಿಕಾರಿಗಳ ಮೂರ್ತಿಗಳಲ್ಲೂ ಅದೇ ರೆಪ್ಪೆ, ಅದೇ ಕಿವಿ. ದೊರೆಗೆ ಚಿಂತೆಯಾದರೆ ತಮ್ಮ ಮುಖವೂ ಬಾಡಿರಬೇಕಲ್ಲ! ಇದು ಇಂಥವನ ಮೂರ್ತಿ ಎಂದು ತಿಳಿಸುತ್ತಿದ್ದದ್ದು ಮುಖವಲ್ಲ, ಕಲ್ಲಿನ ಮೇಲೆ ಕೊರೆದ ಹೆಸರು. ಹಳೆಯ ಹೆಸರನ್ನು ಕೆರೆದು ತನ್ನದನ್ನು ಕೊರೆಸಿ, ಇನ್ನೊಬ್ಬನ ಮೂರ್ತಿಯನ್ನು ದಕ್ಕಿಸಿಕೊಂಡವರೂ ಇದ್ದರು.

ಮೈಯೂ ಪದವಿಯ ಮಾತನ್ನೇ ಆಡುತ್ತಿತ್ತು. ಖುಫು ದೊರೆಯ ಮಂತ್ರಿ ಹೆಮಿಯುನುವಿನ ಸುಣ್ಣಕಲ್ಲಿನ ಮೂರ್ತಿಯಲ್ಲಿ ಎದೆ ಜೋತಿದೆ, ಹೊಟ್ಟೆ ತುಂಬಿದೆ. ಅವನಿಗದು ನಾಚಿಕೆಯಲ್ಲ, ಅಂತಸ್ತು. ಗೋರಿಗಳ ಗೋಡೆಗಳ ಮೇಲಂತೂ ಒಂದೇ ಪಾಠ: ಹಸಿದವರಿಗೆ ರೊಟ್ಟಿ ಕೊಟ್ಟವನು, ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಟ್ಟವನು. ಎಷ್ಟೋ ಅಧಿಕಾರಿಗಳು ತಮ್ಮ ಬಗ್ಗೆ ಇದನ್ನೇ ಬರೆಸಿಕೊಂಡಿದ್ದಾರೆ. ನಿಜವಾಗಿ ಕೊಟ್ಟವರು ಯಾರು, ಕೆತ್ತುವವನಿಗೆ ಕೂಲಿಯನ್ನಷ್ಟೇ ಕೊಟ್ಟವರು ಯಾರು?

ಈ ಪ್ರಶ್ನೆಗೆ ನಾನು ಹಾಪುವಿನ ಮಗ ಅಮೆನ್‌ಹೊಟೆಪ್‌ನ ಕಡೆ ನೋಡುತ್ತೇನೆ. ಕ್ರಿಸ್ತಪೂರ್ವ 14ನೆಯ ಶತಮಾನದವನು, ಮೂರನೆಯ ಅಮೆನ್‌ಹೊಟೆಪ್ ದೊರೆಯ ಕಟ್ಟಡ ಕಾಮಗಾರಿಗಳ ಮೇಲ್ವಿಚಾರಕ. ಕಾರ್ನಾಕ್ ದೇವಾಲಯದ ಹತ್ತನೆಯ ಮಹಾದ್ವಾರದ ಬಳಿ, ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯ ಮೇಲೆ ಪಪೈರಸ್ ಸುರುಳಿ ಬಿಚ್ಚಿ ತಲೆ ಬಗ್ಗಿಸಿದ ಅವನ ಕಲ್ಲಿನ ಮೂರ್ತಿಗಳು ಸಿಕ್ಕಿವೆ. ಗುಡಿಯ ಒಳಗೆ ಸಾಮಾನ್ಯರಿಗೆ ಪ್ರವೇಶವಿರಲಿಲ್ಲ. ಅಂಥವರಿಗೆ ಅವನ ಶಾಸನ ಹೇಳುವುದಿಷ್ಟು: ಬನ್ನಿ, ನಿಮ್ಮ ಅಹವಾಲನ್ನು ನನಗೆ ಹೇಳಿ, ಅಮುನ್ ದೇವರಿಗೆ ನಾನು ತಲುಪಿಸುತ್ತೇನೆ. ಪುಕ್ಕಟೆಯಲ್ಲ, ಪ್ರತಿಯಾಗಿ ಅವನ ಹೆಸರು ಹೇಳಿ ನೈವೇದ್ಯದ ಮಂತ್ರ ಪಠಿಸಬೇಕು. ಸತ್ತ ಮೇಲೂ ಕಚೇರಿಯ ಲೆಕ್ಕಾಚಾರ ಬಿಡದ ಮನುಷ್ಯ!

ಆದರೂ ಅವನನ್ನು ನಂಬುವುದಕ್ಕೆ ನನಗೆ ಒಂದು ಕಾರಣವಿದೆ. ಆ ತೊಡೆಯ ಮೇಲಿನ ಕಲ್ಲಿನ ಸುರುಳಿ ಸವೆದಿದೆ, ಅಕ್ಷರಗಳು ನುಣುಪಾಗಿವೆ. ಅದು ಕಷ್ಟ ಹೇಳಿಕೊಳ್ಳಲು ಬಂದವರು ಮುಟ್ಟಿ ಮುಟ್ಟಿ ಆದದ್ದು. ಹೊಗಳಿಕೆಯನ್ನು ಹಣ ಕೊಟ್ಟು ಕೆತ್ತಿಸಬಹುದು, ಈ ಸವೆತವನ್ನು ಯಾವ ಶಿಲ್ಪಿಯಿಂದಲೂ ಮಾಡಿಸಲಾಗದು. ತನ್ನ ಬಗ್ಗೆ ಅವನು ಬರೆಸಿದ್ದಕ್ಕಿಂತ ಅಳಿಸಿಹೋದದ್ದೇ ನನಗೆ ಗಟ್ಟಿ ಸಾಕ್ಷಿ.

ಅವನು ಎಂಬತ್ತರ ವಯಸ್ಸನ್ನು ಮುಟ್ಟಿದ. ಸತ್ತು ಸಾವಿರ ವರ್ಷ ಕಳೆದು, ಈಜಿಪ್ಟನ್ನು ಟಾಲೆಮಿಗಳು ಆಳುವಾಗಲೂ, ಜನ ಅವನನ್ನು ರೋಗ ವಾಸಿಮಾಡುವ ದೇವರೆಂದು ಪೂಜಿಸುತ್ತಿದ್ದರು.